ಮದುವೆ ಕ್ಯಾಸೆಟ್ಟಿನ ಕತ್ತಲೆ

ಅಂಗಡಿ ಮುಚ್ಚಿದ ಮೇಲೂ ಕ್ಯಾಸೆಟ್ಟುಗಳು ವಾಪಸ್ಸು ಬರುವುದು ನಿಲ್ಲಲಿಲ್ಲ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಲು ಹೋದರೆ ಷಟರಿನ ಕೆಳಗಿನ ಸಂದಿಯಲ್ಲಿ ಒಂದು ಕಪ್ಪು ಡಬ್ಬಿಯನ್ನು ಯಾರೋ ತೂರಿಸಿಟ್ಟಿರುತ್ತಿದ್ದರು. ಯಾವ ಕಾಲದಲ್ಲೋ ಒಯ್ದು, ಮರೆತು, ಆಮೇಲೆ ಮುಖ ತೋರಿಸಲು ನಾಚಿಕೊಂಡವರಿಗೆ ಬೀಗ ಬಿದ್ದ ಮೇಲೆ ಧೈರ್ಯ ಬಂದಿತ್ತು. ಕೇಳಲು ಹೋದಾಗ "ನಾವೆಲ್ಲಿ ತಗೊಂಡಿದ್ವಿ" ಎಂದು ಜಗಳಕ್ಕೆ ನಿಂತವರ ಕ್ಯಾಸೆಟ್ಟುಗಳೂ ಅದರಲ್ಲಿದ್ದವು. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಅಮ್ಮ ಮಾತ್ರ ಒಂದೊಂದನ್ನೂ ಸೆರಗಿನಿಂದ ಒರೆಸಿ ಒಳಗೆ ತರುತ್ತಿದ್ದಳು.

"ಹೋಗಿದ್ದು ವಾಪಸ್ ಬರ್ತಾ ಐತೆ ನೋಡು," ಎನ್ನುತ್ತಿದ್ದಳು. ಅವಳು ಹೇಳುತ್ತಿದ್ದುದು ಕ್ಯಾಸೆಟ್ಟಿನ ಮಾತಲ್ಲ ಎಂದು ನನಗೆ ಗೊತ್ತಿತ್ತು.

ಅದು ಅಣ್ಣನ ವಿಡಿಯೋ ಲೈಬ್ರರಿ. ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಅರ್ಧ ಮಗ್ಗಗಳನ್ನು ಮಾರಿ, ಗೋಡೆಗೆ ಹಲಗೆ ಹೊಡೆಸಿ, ಸಿನಿಮಾ ಕ್ಯಾಸೆಟ್ಟುಗಳನ್ನು ಜೋಡಿಸಿದ. ಹಿಂದೆ ಉಳಿದ ಮಗ್ಗಗಳ ಟಕಟಕ, ಮುಂದೆ ಸಿನಿಮಾದ ಹೊಡೆದಾಟ. ಈ ಎರಡರ ನಡುವೆ ಅಮ್ಮ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾ ಕೂತಿರುತ್ತಿದ್ದಳು. ಕರೆಂಟು ಹೋದರೆ ಮನೆಯ ಮಗ್ಗ, ಪಕ್ಕದ ಮನೆಯ ಮಗ್ಗ, ಬೀದಿಯ ಮಗ್ಗ ಎಲ್ಲಾ ಒಂದೇ ಸಲ ನಿಲ್ಲುತ್ತಿದ್ದವು. ನಮ್ಮೂರಿನಲ್ಲಿ ಹುಟ್ಟಿದವರಿಗೆ ಸದ್ದಿನಲ್ಲಿ ನಿದ್ದೆ ಬರುತ್ತದೆ, ಸದ್ದು ನಿಂತರೆ ಎಚ್ಚರವಾಗುತ್ತದೆ.

ನಾಲ್ಕೈದು ವರ್ಷ ಅಂಗಡಿ ಚೆನ್ನಾಗಿ ನಡೆಯಿತು. ಆಮೇಲೆ ಕಂಬದಿಂದ ಕಂಬಕ್ಕೆ ಕೇಬಲ್ಲು ಎಳೆದರು. ಮನೆಯಲ್ಲೇ ಕೂತು ಬೇಕಾದ್ದು ನೋಡುವಾಗ ನಮ್ಮ ಗೀರು ಬಿದ್ದ ಕ್ಯಾಸೆಟ್ಟು ಯಾರಿಗೆ ಬೇಕು? ಅಂಗಡಿ ಮುಚ್ಚಲು ಅದು ಒಂದು ಕಾರಣ. ಇನ್ನೊಂದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮಿಬ್ಬರಿಗೂ ಚಿಕ್ಕವನಾದ ತಮ್ಮ ತೀರಿಹೋದ ಮೇಲೆ ಅಣ್ಣನಿಗೆ ಆ ಕೋಣೆಯೊಳಗೆ ಕಾಲಿಡಲು ಮನಸ್ಸಾಗುತ್ತಿರಲಿಲ್ಲ.

ಅಣ್ಣ ಮದುವೆಗಳ ಶೂಟಿಂಗಿಗೂ ಹೋಗುತ್ತಿದ್ದ. ಹೆಗಲ ಮೇಲೆ ಕ್ಯಾಮೆರಾ ಹೊತ್ತು ಅವನು ಮುಂದೆ, ಉದ್ದದ ವೈರು ಎಳೆದುಕೊಂಡು ಕಣ್ಣು ಕುಕ್ಕುವ ಲೈಟು ಹಿಡಿದು ತಮ್ಮ ಪಕ್ಕದಲ್ಲಿ. ತಮ್ಮನಿಗೆ ಇಪ್ಪತ್ತು ತುಂಬಿತ್ತು, ಬಾಯಿ ಮಾತ್ರ ಇನ್ನೂ ಸ್ಕೂಲು ಹುಡುಗನದು. ಮುಖ ಗಂಟು ಹಾಕಿಕೊಂಡ ಮದುವಣಗಿತ್ತಿಯನ್ನೂ ನಗಿಸಿಬಿಡುತ್ತಿದ್ದ. "ನೀನಿಲ್ಲದಿದ್ರೆ ನನ್ ಕ್ಯಾಸೆಟ್ಟಲ್ಲಿ ಎಲ್ರೂ ತಿಥಿಗೆ ಬಂದೋರ ಥರ ಕಾಣ್ತಾರೆ ಕಣೋ" ಎಂದು ಅಣ್ಣನೇ ಹೇಳುತ್ತಿದ್ದ.

ತಮ್ಮನಿಗೆ ಕಾಮಾಲೆ ಬಂತು. ನಾವು ಗಮನಿಸುವ ಹೊತ್ತಿಗೆ ತಡವಾಗಿತ್ತು. ನಾಟಿ ಔಷಧಿ ಹಾಕಿಸಿದೆವು, ಪಥ್ಯ ಮಾಡಿಸಿದೆವು, ಕೊನೆಗೆ ಬೆಂಗಳೂರಿನ ಆಸ್ಪತ್ರೆಗೂ ಒಯ್ದೆವು. ಉಳಿಯಲಿಲ್ಲ. ಅವನು ಹೋದ ಮೇಲೆ ಮನೆಯಲ್ಲಿ ಉಳಿದದ್ದು ಪರೀಕ್ಷೆಯ ಅರ್ಜಿಗೆಂದು ತೆಗೆಸಿದ ಒಂದು ಫೋಟೋ. ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಬೇರೆ ಯಾರದೋ ಷರಟು ಹಾಕಿಕೊಂಡು ಕೂತವನ ಹಾಗೆ ಕಾಣುತ್ತಿದ್ದ. ಅಮ್ಮ ಆ ಫೋಟೋಗೆ ದೀಪ ಹಚ್ಚುತ್ತಿದ್ದಳೇ ಹೊರತು ಅದರ ಮುಖ ನೋಡುತ್ತಿರಲಿಲ್ಲ. "ಇವ್ನು ಅವ್ನಲ್ಲ" ಎಂದು ಒಮ್ಮೆ ಅಂದೂ ಬಿಟ್ಟಳು.

ನನ್ನನ್ನು ತ್ಯಾಮಗೊಂಡ್ಲಿಗೆ ಕೊಟ್ಟಿತ್ತು. ಅಂಗಡಿ ಖಾಲಿ ಮಾಡಲು ಕೈಜೋಡಿಸು ಎಂದು ಅಣ್ಣ ಹೇಳಿ ಕಳಿಸಿದಾಗ ಗಂಟು ಕಟ್ಟಿಕೊಂಡು ಬಂದೆ. ಸಿನಿಮಾ ಕ್ಯಾಸೆಟ್ಟುಗಳ ಹೊರತಾಗಿ ಒಂದು ಗೋಡೆಯ ತುಂಬ ಮದುವೆ ಕ್ಯಾಸೆಟ್ಟುಗಳಿದ್ದವು. ಯಾರ ಮನೆಯದಾದರೂ ಹಾಳಾದರೆ ಇರಲಿ ಎಂದು ಅಣ್ಣ ಪ್ರತಿ ಮದುವೆಯ ಒಂದು ನಕಲನ್ನು ಇಟ್ಟುಕೊಳ್ಳುತ್ತಿದ್ದ. ರಾಜಘಟ್ಟದ ಕಡೆಯ ದ್ರಾಕ್ಷಿ ತೋಟದವರೊಬ್ಬರು ಎಲ್ಲವನ್ನೂ ಕೊಡಿ ಎಂದಿದ್ದರು. ಕ್ಯಾಸೆಟ್ಟಿನೊಳಗಿನ ಟೇಪನ್ನು ಎಳೆದು ಚಪ್ಪರದ ಉದ್ದಕ್ಕೂ ಕಟ್ಟಿದರೆ ಗಾಳಿಗೆ ಝೇಂಕರಿಸುತ್ತದೆ, ಬಿಸಿಲಿಗೆ ಮಿಂಚುತ್ತದೆ, ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಹಣ್ಣಿಗೆ ಬಣ್ಣ ತಿರುಗುತ್ತಿತ್ತು, ಅವರಿಗೆ ಅವಸರ.

"ಮದ್ವೆ ಕ್ಯಾಸೆಟ್ಟೂ ಇದಾವೆ, ಪರ್ವಾಗಿಲ್ವಾ?" ಎಂದು ಅಣ್ಣ ಕೇಳಿದ.

"ಗಿಣಿಗೇನಪ್ಪಾ ಗೊತ್ತು, ಮದ್ವೆ ಯಾವ್ದು ಸಿನಿಮಾ ಯಾವ್ದು ಅಂತ? ಭಾನುವಾರ ಟೆಂಪೋ ತರ್ತೀನಿ," ಎಂದು ಅವರು ನಕ್ಕು ಹೋದರು.

ಅಮ್ಮ ಒಳಗಿನಿಂದ ಕೇಳಿಸಿಕೊಂಡಿರಬೇಕು. ಕಂಡಿಕೆ ರಾಟೆ ನಿಂತಿತು. ಎದ್ದು ಬಂದು ಆ ಗೋಡೆಯ ಮುಂದೆ ನಿಂತಳು.

"ಇಷ್ಟೊಂದು ಮದ್ವೇಲಿ ಎಲ್ಲಾದ್ರೂ ಒಂದ್ಕಡೆ ಇರ್ತಾನೆ ಅಲ್ವೇನೋ?" ಎಂದು ಅಣ್ಣನನ್ನು ಕೇಳಿದಳು. "ಕೊಡೋಕ್ಮುಂಚೆ ಒಂದ್ಸಲ ನೋಡ್ಬಿಡ್ತೀನಿ. ಓಡಾಡೋದು ನೋಡ್ಬೇಕು ಅವ್ನು."

ಅಣ್ಣ ತಲೆ ಎತ್ತಲಿಲ್ಲ. "ಅವ್ನು ಲೈಟ್ ಹಿಡೀತಿದ್ದ ಅಮ್ಮ. ಲೈಟ್ ಹಿಡಿಯೋನು ಕ್ಯಾಮೆರಾಗೆ ಬರಲ್ಲ," ಎಂದಷ್ಟೇ ಹೇಳಿ ಮಗ್ಗದ ಕಡೆ ಹೋಗಿಬಿಟ್ಟ. ನನಗೆ ಅವನ ಮೇಲೆ ಕೆಟ್ಟ ಕೋಪ ಬಂತು. ಹೆತ್ತವಳು ಕೇಳುವಾಗ ಹೀಗಾ ಮಾತಾಡುವುದು?

ಸರಿ, ನಾನೇ ಟೀವಿ, ವಿ.ಸಿ.ಆರ್. ಎರಡನ್ನೂ ನಡುಮನೆಗೆ ತಂದು ಹೂಡಿದೆ. ಭಾನುವಾರದ ತನಕ ಅಮ್ಮ ಮತ್ತು ನಾನು ಅದರ ಮುಂದೆಯೇ ಕೂತೆವು. ಮನೆಕೆಲಸ ಮೂಲೆ ಸೇರಿತು. ಯಾರು ಯಾರದೋ ಅರಿಶಿನ, ಯಾರು ಯಾರದೋ ಧಾರೆ, ಆರತಕ್ಷತೆ, ಊಟದ ಪಂಕ್ತಿ. ಎಲ್ಲಾ ಕ್ಯಾಸೆಟ್ಟಿಗೂ ಅಣ್ಣ ಸಿನಿಮಾ ಹಾಡು ತುಂಬಿದ್ದ. ಆಗ ಹಾಗೇ. ಹಾಡು ತುಂಬಿದರೆ ಕೆಳಗಿನ ಮಾತೆಲ್ಲ ಅಳಿಸಿಹೋಗುತ್ತಿತ್ತು. ಜನ ಬಾಯಿ ಆಡಿಸುತ್ತಿದ್ದರು, ನಗುತ್ತಿದ್ದರು, ಮಗು ಬಾಯಿ ತೆರೆದು ಅಳುತ್ತಿತ್ತು. ಕೇಳಿಸುತ್ತಿದ್ದುದು ಮಾತ್ರ ಯಾವುದೋ ಹಾಡು.

ಮೊದಮೊದಲು ಅಮ್ಮ ಟೀವಿಯ ತೀರ ಹತ್ತಿರ ಕೂತು ಮೂಲೆ ಮೂಲೆ ಹುಡುಕಿದಳು. ಬಾಗಿಲ ಪಕ್ಕ ನಿಂತವನಾ, ಊಟಕ್ಕೆ ಕೂತವನಾ? ನಾನು ಓಡಿಸಿ ನಿಲ್ಲಿಸಿ, ಹಿಂದಕ್ಕೆ ತಂದು ತೋರಿಸುವುದು, ಅವಳು ತಲೆ ಅಲ್ಲಾಡಿಸುವುದು. ಅಣ್ಣ ಹೇಳಿದ್ದೇ ನಿಜವಾಗಿತ್ತು. ಒಂದರಲ್ಲೂ ಅವನಿರಲಿಲ್ಲ.

ಆದರೆ ನೋಡುತ್ತಾ ಹೋದಂತೆ ಬೇರೇನೋ ಶುರುವಾಯಿತು. ಒಂದು ಛತ್ರದ ಸುಣ್ಣದ ಗೋಡೆಯ ಮೇಲೆ ಜನರ ನೆರಳುಗಳ ಜೊತೆ ವೈರಿನ ನೆರಳೊಂದು ಓಲಾಡಿತು. ವೈರು ಎತ್ತಿ ಹಿಡಿದ ಕೈಯ ನೆರಳೂ ಒಮ್ಮೆ ಹಾದುಹೋಯಿತು. ಅಮ್ಮ ಪರದೆಯನ್ನು ಮುಟ್ಟಿದಳು. "ಇವ್ನೇ," ಎಂದಳು. ಇನ್ನೊಂದರಲ್ಲಿ ಮದುವಣಗಿತ್ತಿ ತಲೆ ಬಗ್ಗಿಸಿ ಕೂತಿದ್ದವಳು ಥಟ್ಟನೆ ನಮ್ಮ ಕಡೆ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಮತ್ತೊಂದರಲ್ಲಿ ಹಲ್ಲಿಲ್ಲದ ಮುದುಕಿ ಬೆರಳು ಆಡಿಸಿ ಹುಸಿಕೋಪದಿಂದ ಯಾರನ್ನೋ ಗದರಿದಳು. ಕಣ್ಣು ಕಿರಿದು ಮಾಡಿ, ಕೈ ಅಡ್ಡ ಹಿಡಿದು, ನಕ್ಕು, ಬೈದು, ಎಲ್ಲ ಮದುವೆಗಳ ಎಲ್ಲ ಜನರೂ ಅವನನ್ನೇ ನೋಡುತ್ತಿದ್ದರು. ಅವನು ನಿಂತಿದ್ದ ಜಾಗದಲ್ಲಿ ಈಗ ನಾವು ಕೂತಿದ್ದೆವು.

ಅದು ಗೊತ್ತಾದ ಮೇಲೆ ನನಗೆ ಆ ಕೋಣೆಯಲ್ಲಿ ಕೂರುವುದು ಕಷ್ಟವಾಯಿತು. ಟೀವಿಯಲ್ಲಿ ಯಾರಾದರೂ ನಕ್ಕರೆ ನಾನು ಹಿಂದೆ ತಿರುಗಿ ನೋಡುತ್ತಿದ್ದೆ. ಬೆನ್ನ ಹಿಂದೆ ಬಿಸಿ ಲೈಟು ಹಿಡಿದುಕೊಂಡು ಯಾರೋ ನಿಂತ ಹಾಗೆ ಕತ್ತು ಬೆವರುತ್ತಿತ್ತು. ನಡುಹಗಲಿನಲ್ಲಿ, ಹಿಂದೆ ಮಗ್ಗ ಬಡಿಯುತ್ತಿರುವಾಗ, ಹೆದರಿಕೆ. ಯಾರಿಗೆ ಹೇಳುವುದು? ಅಮ್ಮನಿಗೆ ಹೆದರಿಕೆ ಇರಲಿಲ್ಲ. ಅವಳು ನಗುವವರ ಜೊತೆ ತಾನೂ ನಗತೊಡಗಿದ್ದಳು. "ಏನೋ ಅಂದ ನೋಡು ಅವ್ಳಿಗೆ," ಎನ್ನುತ್ತಿದ್ದಳು. ಆಮೇಲೆ, "ಎಲ್ರೂ ನೋಡಿದ್ರು, ನಾನೊಬ್ಳು ನೋಡ್ಲಿಲ್ಲ," ಎಂದಳು. ಆ ಮಾತು ಕೇಳಲಾರದೆ ನಾನು ಎದ್ದು ಅಡಿಗೆಮನೆಗೆ ಹೋದೆ.

ಶನಿವಾರ ಮಧ್ಯಾಹ್ನಕ್ಕೆ ಗೋಡೆ ಖಾಲಿಯಾಯಿತು. ನೋಡಿದ ಕ್ಯಾಸೆಟ್ಟುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿದ್ದೆ. ಅಂಗಡಿಯಲ್ಲಿ ಉಳಿದದ್ದು ತಮ್ಮ ಲೈಟು ಇಡುತ್ತಿದ್ದ ತಗಡಿನ ಪೆಟ್ಟಿಗೆ ಒಂದೇ. ಅವನು ಹೋದ ಮೇಲೆ ಅದನ್ನು ಯಾರೂ ತೆಗೆದಿರಲಿಲ್ಲ. ತೆಗೆದರೆ ಲೈಟು, ಸುತ್ತಿಟ್ಟ ವೈರು, ಕೈ ಸುಡದಂತೆ ಅವನು ಹಿಡಿಗೆ ಸುತ್ತುತ್ತಿದ್ದ ಹಳೇ ಪಂಚೆಯ ಚೂರು. ಪಂಚೆಯ ಕೆಳಗೆ ಒಂದು ಕ್ಯಾಸೆಟ್ಟು. ಡಬ್ಬಿಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿತ್ತು, ನಡುವೆ ಕುಂಕುಮ. ಮನೆಗೆ ಬಂದ ಮದುವೆ ಕ್ಯಾಸೆಟ್ಟನ್ನು ದೇವರ ಮುಂದಿಟ್ಟು ಪೂಜೆ ಮಾಡುವುದು ನಮ್ಮ ಕಡೆ ಪದ್ಧತಿ. ಅಂದರೆ ಇದು ಗಿರಾಕಿಯ ಮನೆಗೆ ಹೋಗಿ ವಾಪಸ್ಸು ಬಂದದ್ದು.

ಹಿಡಿದುಕೊಂಡು ಮಗ್ಗದ ಮನೆಗೆ ಹೋದೆ. ಅಣ್ಣ ನನ್ನ ಕೈ ನೋಡಿದ, ಮಗ್ಗ ನಿಲ್ಲಿಸಿದ.

"ಅದನ್ಯಾಕೆ ತೆಗೆದೆ?"

"ಇದ್ಯಾವ್ದು ಹೇಳು ಮೊದ್ಲು."

ಅವನು ಎದ್ದು ನಡುಮನೆಗೆ ಬಂದು ಅಮ್ಮನ ಎದುರು ನೆಲದ ಮೇಲೆ ಕೂತ. ಆಮೇಲೆ ನಮ್ಮಿಬ್ಬರಿಗೂ ಸೇರಿಸಿ ಹೇಳಿದ. ಅದು ತಮ್ಮ ಹೋಗಿದ್ದ ಕೊನೆಯ ಮದುವೆ. ಬೆಳಗಿನ ಜಾವದ ಮುಹೂರ್ತ, ಇನ್ನೂ ಬೆಳಕು ಹರಿದಿರಲಿಲ್ಲ. ಸರಿಯಾಗಿ ಧಾರೆಯ ಹೊತ್ತಿಗೆ ಕರೆಂಟು ಹೋಯಿತು. ಕ್ಯಾಮೆರಾ ಬ್ಯಾಟರಿಯಲ್ಲಿ ಓಡುತ್ತಲೇ ಇತ್ತು. ಸಾಮಾನ್ಯವಾಗಿ ಅಂಥ ಕತ್ತಲೆಯ ತುಂಡನ್ನು ಅಣ್ಣ ಕತ್ತರಿಸಿ, ಹಾಡು ತುಂಬಿ ಕೊಡುತ್ತಿದ್ದ. ಮದುವೆ ಕ್ಯಾಸೆಟ್ಟಿನಲ್ಲಿ ಕತ್ತಲೆ ಇರಬಾರದು ಎಂದು ಜನ ನಂಬುತ್ತಿದ್ದರು. ಆದರೆ ಆ ವಾರ ತಮ್ಮ ಹಾಸಿಗೆ ಹಿಡಿದ. ಮದುವೆ ಮನೆಯವರು ಅವಸರ ಮಾಡಿದರು, ಅಣ್ಣ ಶೂಟಿಂಗಿನ ಕ್ಯಾಸೆಟ್ಟನ್ನೇ ಇದ್ದ ಹಾಗೆ ಕೊಟ್ಟುಬಿಟ್ಟ.

"ಇವ್ನು ಹೋದ್ಮೇಲೆ ಹೆಣ್ಣಿನ ತಂದೆ ಬಂದಿದ್ರು," ಎಂದ ಅಣ್ಣ. "ಎರಡೂ ಕೈಯಲ್ಲಿ ಹಿಡ್ಕೊಂಡು ಕೊಟ್ರು. ಧಾರೆ ಹೊತ್ತಲ್ಲಿ ಕತ್ತಲೆ ಇದೆ, ಮೇಲಾಗಿ ಬೆಳಕು ಹಿಡ್ದ ಹುಡ್ಗ ಹೋದ, ಮನೇಲಿಟ್ಕೊಳ್ಳೋಕೆ ಹಿರೀರು ಒಪ್ತಿಲ್ಲ, ತಪ್ಪು ತಿಳೀಬೇಡಪ್ಪಾ ಅಂದ್ರು. ಅತ್ತುಬಿಟ್ರು ಪಾಪ."

"ಹಾಡು ತುಂಬಿಲ್ಲ ಅಂದ್ಯಲ್ಲ. ಹಂಗಾದ್ರೆ ಮಾತು ಐತಾ ಇದ್ರಲ್ಲಿ?" ಅಮ್ಮನ ದನಿ ಸಣ್ಣಗಾಗಿತ್ತು.

"ಮಾತೂ ಇದೆ. ಅವ್ನೂ ಇದಾನೆ."

ಇಷ್ಟು ದಿನ ನಾವು ನೆರಳು ಹುಡುಕಿ ಸಾಯುತ್ತಿದ್ದರೆ ಇವನು ಮುಖವನ್ನೇ ಪೆಟ್ಟಿಗೆಯಲ್ಲಿಟ್ಟು ಸುಮ್ಮನಿದ್ದನೇ! ಬಾಯಿಗೆ ಬಂದಂತೆ ಬೈದೆ. ಅವನು ಬೈಸಿಕೊಂಡ. ಆಮೇಲೆ ನಿಧಾನವಾಗಿ ಹೇಳಿದ. ಕರೆಂಟು ಹೋದಾಗ ತಮ್ಮ ಲೈಟನ್ನು ನೆಲದ ಮೇಲಿಟ್ಟು ವೈರು ಸರಿಮಾಡಲು ಕ್ಯಾಮೆರಾದ ಮುಂದಕ್ಕೆ ಬಂದಿದ್ದ. ಕರೆಂಟು ಬಂದಾಗ ಲೈಟು ನೇರ ಅವನ ಮುಖಕ್ಕೇ ಬಿತ್ತು. ಅವನು ಅಣ್ಣನ ಕಡೆ ತಿರುಗಿ ನೋಡಿದ.

"ನಾನು ನೋಡಿದ್ದು ಕ್ಯಾಮೆರಾ ಒಳ್ಗಿನ ಗಾಜಲ್ಲಿ. ಅದ್ರಲ್ಲಿ ಎಲ್ಲಾ ಕಪ್ಪು ಬಿಳುಪು. ಟೀವೀಲಿ ಬಣ್ಣ ಕಾಣುತ್ತೆ." ಅಣ್ಣ ಅಂಗೈ ನೋಡುತ್ತಾ ಹೇಳಿದ. "ಆ ಮದ್ವೇಲಿ ಮೂರು ದಿನ ಜೊತೇಲೇ ಇದ್ದೆ ಅಮ್ಮ. ಅವ್ನ ಕಣ್ಣು ಆವತ್ತೇ ಹಳದಿ ಆಗಿತ್ತಾ ಇಲ್ವಾ ಅಂತ ಇದ್ರಲ್ಲಿದೆ. ಅಷ್ಟು ಬೆಳಕಿನ ಹಿಂದೆ ನಿಂತೋನ್ನ ಯಾರ್ ನೋಡ್ತಾರೆ? ನಾನು ನೋಡ್ಲಿಲ್ಲ. ಈಗ ನೋಡೋಕೆ ಧೈರ್ಯ ಇಲ್ಲ."

ಹಿಂದಿನ ಬೀದಿಯ ಮಗ್ಗಗಳು ಬಡಿದುಕೊಳ್ಳುತ್ತಿದ್ದವು.

"ಹಾಕು," ಎಂದಳು ಅಮ್ಮ.

ಅಣ್ಣನೇ ಹಾಕಿದ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳೀ ಬೂಷ್ಟು ಕಾಣುತ್ತಿತ್ತು. ಹತ್ತಿಗೆ ಸ್ಪಿರಿಟ್ಟು ತಾಗಿಸಿ ವಿ.ಸಿ.ಆರ್.ನ ಹೆಡ್ ಒರೆಸಿದ. ಚಿತ್ರ ಮೊದಲು ಕುಣಿದು, ಆಮೇಲೆ ನಿಂತಿತು. ಛತ್ರ, ಬಾಳೆಕಂದು, ಓಲಗ. ಈ ಸಲ ಓಲಗ ನಿಜವಾಗಿ ಕೇಳಿಸಿತು. ಜನರ ಗದ್ದಲ, ಬಳೆಗಳ ಸದ್ದು, ಯಾರೋ ಕೆಮ್ಮಿದ್ದು. ಹಾಡಿನ ಕೆಳಗೆ ಇಷ್ಟೆಲ್ಲ ಇತ್ತೇ ಎಂದು ನಾನು ಬೆರಗಾದೆ. ಮದುಮಗನ ಕೈಯ ಮೇಲೆ ಮದುಮಗಳ ಕೈ ಇಟ್ಟು, ಹಿರಿಯರು ತಂಬಿಗೆ ಎತ್ತಿದರು. ಅಷ್ಟರಲ್ಲಿ ಟೀವಿ ಕಪ್ಪಾಯಿತು.

ನಮ್ಮ ಮನೆಯ ಕರೆಂಟೇ ಹೋಯಿತೆಂದು ನಾನು ಬಲ್ಬು ನೋಡಿದೆ. ಅದು ಉರಿಯುತ್ತಿತ್ತು. ಕತ್ತಲೆ ಇದ್ದದ್ದು ಟೀವಿಯ ಒಳಗೆ. "ಅಯ್ಯೋ" ಎಂದು ಜನ ಕೂಗಿದ್ದು, ಪುರೋಹಿತರು ಮಂತ್ರ ಬಿಡದೆ ಮುಂದುವರಿಸಿದ್ದು. ಆಮೇಲೆ, ತೀರ ಹತ್ತಿರದಲ್ಲಿ, ಕಿವಿಯ ಪಕ್ಕದಲ್ಲೇ ನಿಂತಷ್ಟು ಹತ್ತಿರದಲ್ಲಿ, ತಮ್ಮ.

"ಅಜ್ಜೀ, ಕಾಲ್ ಮಡಚ್ಕೊ, ವೈರು ಐತೆ. ಮದ್ಲಿಂಗ್ರೇ, ಓಡೋಗೋದಾದ್ರೆ ಇದೇ ಟೈಮು ನೋಡಿ!"

ಕತ್ತಲೆಯಲ್ಲಿ ಛತ್ರವೆಲ್ಲ ಘೊಳ್ಳೆಂದು ನಕ್ಕಿತು. ಅಮ್ಮನೂ ನಕ್ಕಳು. ನಗುತ್ತಲೇ ಅವಳ ಕೆನ್ನೆ ಒದ್ದೆಯಾಗಿತ್ತು. ಮೊಣಕಾಲಲ್ಲಿ ಮುಂದಕ್ಕೆ ಸರಿದು ಟೀವಿಗೆ ಕಿವಿ ಹಚ್ಚಿದಳು.

"ಯಾರಾದ್ರೂ ಒಂಚೂರು ನೀರ್ ಕೊಡ್ರಪ್ಪಾ, ಬಾಯ್ ಒಣಗ್ತಾ ಐತೆ." ದನಿ ಸೋತಿತ್ತು. ಲೋಟದ ಸದ್ದು. ಅವನು ಗುಟುಕು ಗುಟುಕಾಗಿ ಕುಡಿದದ್ದೂ ಕೇಳಿಸಿತು. ಆಮೇಲೆ ದನಿ ಮುಂದಕ್ಕೆ ಸರಿಯಿತು, ಏನನ್ನೋ ನೆಲದ ಮೇಲೆ ಎಳೆದ ಸದ್ದಾಯಿತು. "ಅಣ್ಣ, ನಿಲ್ಲಿಸ್ಬೇಡ. ಇರು, ಬರುತ್ತೆ."

ಆಗ ಅಮ್ಮ ಟೀವಿಯಿಂದ ಕಿವಿ ತೆಗೆದು ಹಿಂದೆ ತಿರುಗಿದಳು. ಅಣ್ಣ ಗೋಡೆಗೆ ಒರಗಿ ನಿಂತಿದ್ದ. ಕಣ್ಣು ಬಿಗಿಯಾಗಿ ಮುಚ್ಚಿದ್ದ. ಹೊಡೆತಕ್ಕೆ ಕಾಯುತ್ತಿರುವವನ ಹಾಗೆ ಹೆಗಲು ಮೇಲಕ್ಕೆದ್ದಿತ್ತು.

"ಸಾಕು, ನಿಲ್ಲಿಸು," ಎಂದಳು ಅಮ್ಮ.

"ಇನ್ನೊಂದ್ ಚೂರಮ್ಮಾ," ಎಂದೆ ನಾನು. "ಈಗ್ ಬರ್ತಾನೆ."

"ನಿಲ್ಲಿಸು ಅಂದ್ನಲ್ಲ!"

ನಾನು ಗುಂಡಿ ಒತ್ತಿದೆ. ಇಷ್ಟು ದಿನ ಯಾರಿಗೋಸ್ಕರ ಹುಡುಕಿದ್ದು? ನನಗೂ ಅವನು ತಮ್ಮನಲ್ಲವೇ, ನನಗೂ ನೋಡಬೇಕಿರಲಿಲ್ಲವೇ? ಕೂಗಾಡಬೇಕೆಂದು ಬಾಯಿ ತೆರೆದೆ. ಅಮ್ಮ ಎದ್ದು ಅಣ್ಣನ ಹತ್ತಿರ ಹೋಗಿ, ಅವನ ಮುಖವನ್ನು ಎರಡು ಕೈಯಲ್ಲಿ ಹಿಡಿದಿದ್ದಳು. "ಕಣ್ ಬಿಡು ಮಗಾ. ಏನೂ ಇಲ್ಲ, ಕಣ್ ಬಿಡು," ಎನ್ನುತ್ತಿದ್ದಳು. ನನ್ನ ಸಿಟ್ಟು ನಾಲಗೆಯ ಮೇಲೇ ಉಳಿಯಿತು.

ಭಾನುವಾರ ಟೆಂಪೋ ಬಂತು. ಗೋಣಿಚೀಲಗಳು ಹೋದವು. ಆ ಒಂದು ಕ್ಯಾಸೆಟ್ಟನ್ನು ಅಮ್ಮ ಫೋಟೋದ ಹಿಂದೆ ಇಟ್ಟಳು. ಕೊಯ್ಲಾದ ಮೇಲೆ ತೋಟದವರು ಒಂದು ಕುಕ್ಕೆ ಕಪ್ಪು ದ್ರಾಕ್ಷಿ ಕಳಿಸಿದರು. ಅದಕ್ಕೂ ಮೊದಲೇ ಒಮ್ಮೆ ನಾನು ರಾಜಘಟ್ಟದ ಕಡೆ ನೆಂಟರ ಮನೆಗೆ ಹೋಗುವಾಗ ಬಸ್ಸು ಅವರ ತೋಟದ ಪಕ್ಕ ಕೆಟ್ಟು ನಿಂತಿತ್ತು. ಚಪ್ಪರದ ಮೇಲೆ ಟೇಪುಗಳನ್ನು ಸಾಲು ಸಾಲಾಗಿ ಎಳೆದು ಕಟ್ಟಿದ್ದರು. ಗಾಳಿ ಬಂದಾಗ ಇಡೀ ತೋಟ ಒಂದೇ ದನಿಯಲ್ಲಿ ಗುಂಯ್ ಎನ್ನುತ್ತಿತ್ತು, ಗಾಳಿ ನಿಂತರೆ ಸುಮ್ಮನಾಗುತ್ತಿತ್ತು. ಅವನು ಹಿಡಿದ ಬೆಳಕೆಲ್ಲ ಅಲ್ಲಿ ಬಿಸಿಲಿಗೆ ಮಿಣುಕುತ್ತಿತ್ತು. ಉಳಿದವರು ಇಳಿದು ಕಾಲಾಡಿಸಿದರು. ನಾನು ಕಿಟಕಿ ಮುಚ್ಚಿ ಒಳಗೇ ಕೂತೆ.

ಆಮೇಲೆ ನಾನು ತವರಿಗೆ ಬಂದಾಗಲೆಲ್ಲ ಇದನ್ನು ಕಂಡಿದ್ದೇನೆ. ಮಧ್ಯಾಹ್ನ ಅಣ್ಣ ಮಗ್ಗದ ಮನೆಗೆ ಹೋದ ಮೇಲೆ ಅಮ್ಮ ಕಂಡಿಕೆ ರಾಟೆ ಪಕ್ಕಕ್ಕಿಟ್ಟು ಕ್ಯಾಸೆಟ್ಟು ಹಾಕುತ್ತಿದ್ದಳು. ಓದು ಬರಹ ತಿಳಿಯದವಳು ವಿ.ಸಿ.ಆರ್.ನ ಎರಡು ಗುಂಡಿಗಳನ್ನು ಕಲಿತಿದ್ದಳು, ಹಿಂದಕ್ಕೆ ತರುವುದು ಮತ್ತು ನಿಲ್ಲಿಸುವುದು. ಓಡಿಸಲು ಗುಂಡಿ ಬೇಕಿರಲಿಲ್ಲ, ಕ್ಯಾಸೆಟ್ಟು ತೂರಿಸಿದರೆ ಅದು ತಾನೇ ಓಡುತ್ತಿತ್ತು. ದಿನದಿನಕ್ಕೆ ಬೂಷ್ಟು ಹೆಚ್ಚಿ, ದನಿಯ ಮೇಲೆ ಮಳೆ ಸುರಿದಂಥ ಸದ್ದು ಕೂತಿತ್ತು. ಅವಳು ಯಾವ ದಿನವೂ ಆ ಕತ್ತಲೆ ದಾಟಿ ಮುಂದೆ ಹೋದದ್ದನ್ನು ನಾನು ಕಾಣೆ. ನಾನೂ ಹೋಗಲಿಲ್ಲ. ಅವಳಿಲ್ಲದಾಗ ಒಮ್ಮೆ ಕೈ ಹಾಕಿದ್ದೆ, ಹಿಂದೆ ಅಣ್ಣನ ಮಗ್ಗದ ಸದ್ದು ಕೇಳಿ ತೆಗೆದುಬಿಟ್ಟೆ.

ಒಂದು ದಿನ ಅಮ್ಮ ಹಾಗೆ ಕೂತಿದ್ದಾಗ ಪಕ್ಕದ ಮನೆಯಾಕೆ ಮೊಸರಿಗೆ ಹೆಪ್ಪು ಕೇಳಲು ಬಂದಳು. ಬಾಗಿಲಲ್ಲೇ ನಿಂತು ಕಪ್ಪು ಟೀವಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು.

"ಯಾಕಕ್ಕಾ, ಟೀವಿ ಕಪ್ಪಗಿದ್ಯಲ್ಲ. ಕರೆಂಟ್ ಇಲ್ವಾ?"

"ಇರು, ಬರುತ್ತಂತೆ," ಎಂದು ಹೇಳಿ, ಅಮ್ಮ ಅದು ಬರುವ ಮೊದಲೇ ಗುಂಡಿ ಒತ್ತಿದಳು.